ಎರಡು ಚೀಲ ದರಕು

ಮೊನ್ನೆ ಸಿದ್ದಾಪುರದಿಂದ ಶಿರಸಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕುಳಿತಳು. ಮಡಿಲಲ್ಲಿ ಗೋಣಿಯಲ್ಲಿ ಸುತ್ತಿದ ಕತ್ತಿ ಇತ್ತು. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಅವಳ ಕೈಯಿಂದ ಆ ವಾಸನೆ ಬಂತು. ಔಷಧಿ ಅಂಗಡಿಯದೂ ಅಲ್ಲ, ಅಡುಗೆಮನೆಯದೂ ಅಲ್ಲ, ಎರಡರ ನಡುವಿನ ಒಂದು ಜಿಡ್ಡು ವಾಸನೆ. ನಮ್ಮ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಚಳಿ ಶುರುವಾಗುತ್ತಿದ್ದಂತೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಟ್ಟು ಹೋಗುವ ಎಣ್ಣೆ ಅದು. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಂಡರೆ ಉಣುಗು ಹತ್ತುವುದಿಲ್ಲ. ದನದ ಕಿವಿಯೊಳಗೆ ಕಚ್ಚಿಕೊಂಡಿರುತ್ತದಲ್ಲ, ಆ ಜಾತಿಯದೇ ಹುಳ. ಕಾಡಿನದು ಅದಕ್ಕಿಂತ ಬಹಳ ಸಣ್ಣದು. ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಅದು ಕಚ್ಚಿ.

"ವಾಸ್ನೆ ಬತ್ತದೆ ಅಲ್ರಾ?" ಎಂದು ಆ ಹೆಂಗಸು ಕೇಳಿದಳು. ಕೇಳಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಕಿಟಕಿಯ ಕಡೆ ಸರಿದಳು. ನನಗೆ ಕೂಡಲೇ ಉತ್ತರ ಹೊರಡಲಿಲ್ಲ. ಆ ಮಾತನ್ನು ಅದೇ ತಗ್ಗಿದ ದನಿಯಲ್ಲಿ ಒಮ್ಮೆ ಸಾವಿತ್ರಿಯೂ ಕೇಳಿದ್ದಳು. ಅವಳಿಗೆ ನಾನು ಉತ್ತರ ಕೊಟ್ಟಿದ್ದೆ.

ಅದು ನಾನು ನಿವೃತ್ತಳಾದ ವರ್ಷ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡುವೆಯೇ ಕಳೆದವಳಿಗೆ ಬೆಳಿಗ್ಗೆ ಹತ್ತು ಗಂಟೆಯಾದ ಮೇಲೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ನಾವಿದ್ದದ್ದು ಸಿದ್ದಾಪುರ ಪೇಟೆಯಲ್ಲಿ, ಬಾಡಿಗೆಗೆ ಹಿಡಿದ ಮೇಲ್ಮಹಡಿಯಲ್ಲಿ. ನಮ್ಮವರಲ್ಲಿ ಯಾರ ಮನೆಗೆ ಹೋದರೂ ಅಡಿಕೆ ತೋಟದ ಮಾತೇ ಮೊದಲು. ನಮಗೆ ತೋಟವಿಲ್ಲ, ಒಂದು ಗುಂಟೆಯೂ ಇಲ್ಲ. ಉಮ್ಮಚಗಿಯ ನನ್ನ ನಾದಿನಿ ಫೋನು ಮಾಡಿದಾಗಲೆಲ್ಲ, "ನಿಂಗಕ್ಕಿಗೆ ಎಂತ ಬಿಡು, ಪೇಟೆ ಜನ, ಸೊಪ್ಪನ್ನೂ ದುಡ್ಡು ಕೊಟ್ಟು ತಕ್ಕಂಡೇ ತಿನ್ನವು" ಎನ್ನುತ್ತಿದ್ದಳು. ತಮಾಷೆಗೇ ಹೇಳುತ್ತಿದ್ದಳು. ನನಗೆ ತಮಾಷೆಯಾಗಿ ಕೇಳುತ್ತಿರಲಿಲ್ಲ.

ಮಳೆ ಬಿಟ್ಟ ಮೇಲೆ ತಾರಸಿಯಲ್ಲಿ ಬೆಳೆಯಲು ಶುರು ಮಾಡಿದೆ. ಮೊದಲು ಪೇಂಟಿನ ಬಕೆಟ್ಟುಗಳು. ಆಮೇಲೆ ಎರಡು ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ಯಿಸಿ ಒಂದರಲ್ಲಿ ನಿಂಬೆ, ಒಂದರಲ್ಲಿ ಅಂಜೂರ. ಸೊಪ್ಪಿಗೆ ಎಲ್ಲಕ್ಕಿಂತ ಚೆನ್ನಾದದ್ದು ಮೀನಿನ ಪೆಟ್ಟಿಗೆ. ಕುಮಟಾ ಕಡೆಯಿಂದ ಮಂಜುಗಡ್ಡೆ ಹಾಕಿ ಮೀನು ತರುವ ಬಿಳಿಯ ಥರ್ಮೋಕೋಲ್ ಪೆಟ್ಟಿಗೆ. ಹಗುರ, ಆಳ ಸರಿಯಾಗಿರುತ್ತದೆ, ಬೇರಿಗೆ ಬಿಸಿಲಿನ ಕಾವು ತಗಲುವುದಿಲ್ಲ. ಮಾರ್ಕೆಟ್ಟಿನ ಹಿಂದೆ ರಾಶಿ ಬಿದ್ದಿರುತ್ತಿದ್ದವು. ನಾನು ಹತ್ತು ಪೆಟ್ಟಿಗೆ ತರಿಸಿ ಸೋಪು ಹಾಕಿ ತೊಳೆದು ಒಂದು ವಾರ ಬಿಸಿಲಿಗಿಟ್ಟೆ. ನಮ್ಮನೆಯವರು ಮೂಗು ಮುಚ್ಚಿಕೊಂಡು ಮೆಟ್ಟಿಲಲ್ಲೇ ನಿಂತರು.

"ಇನ್ನು ನಮ್ಮನೆಗೆ ಭಟ್ಟರು ಬತ್ವಿಲ್ಲೆ ನೋಡು."

"ಒಣಗ್ಸಿದ್ದಿ. ಎಂತಾ ವಾಸ್ನೆನೂ ಇಲ್ಲೆ."

"ವಾಸ್ನೆ ಇಲ್ಲೆ ಹೇಳಿ ನೀ ಹೇಳವು. ಬೆಕ್ಕು ಎಂತ ಹೇಳ್ತು ಕೇಳು."

ನಿಜ, ಬೀದಿಯ ಬೆಕ್ಕೊಂದು ಆ ವಾರವೆಲ್ಲ ಪೆಟ್ಟಿಗೆಗಳ ಸುತ್ತ ಸುತ್ತಿತು. ಆಮೇಲೆ ಹರಿವೆ ಹುಟ್ಟಿತು, ಬೆಕ್ಕು ಬರುವುದು ಬಿಟ್ಟಿತು.

ಮನೆಯ ಯಜಮಾನರು ಕೆಳಗಿನ ಅಂತಸ್ತಿನಲ್ಲಿದ್ದರು. ಅವರದು ಒಂದೇ ಷರತ್ತು: ತಾರಸಿಯ ಮೇಲೆ ಭಾರ ಹೇರಬಾರದು. ಹಾಗಾಗಿ ಮಣ್ಣು ಕಡಿಮೆ ಹಾಕಬೇಕಿತ್ತು. ಮಣ್ಣಿನ ಬದಲು ಏನು ಎಂದು ಯೋಚಿಸಿದಾಗ ನನಗೆ ಬೇರೆ ಯಾವುದೂ ಹೊಳೆಯಲಿಲ್ಲ, ಹೊಳೆದದ್ದು ದರಕು. ಕಾಡಿನಲ್ಲಿ ಒಣಗಿ ಉದುರಿದ ಎಲೆಯನ್ನು ನಾವು ಹಾಗೆ ಕರೆಯುತ್ತೇವೆ. ಇಲ್ಲಿ ಹುಟ್ಟಿದ ಯಾರಿಗಾದರೂ ಅದೇ ಹೊಳೆಯುತ್ತಿತ್ತು. ಕೊಟ್ಟಿಗೆಗೆ ಹಾಸುವುದು ಅದು, ಗೊಬ್ಬರವಾಗುವುದು ಅದು, ಗಿಡದ ಬುಡಕ್ಕೆ ಮುಚ್ಚುವುದು ಅದು. ಯಾವ ವಿಷವೂ ಸೋಕದ ವಸ್ತು ಜಗತ್ತಿನಲ್ಲಿ ಒಂದಿದ್ದರೆ ಅದು ಕಾಡಿನ ದರಕು ಎಂದು ನಾನು ಯಾರ ಮುಂದೆಯಾದರೂ ಹೇಳುತ್ತಿದ್ದೆ.

ದರಕು ತರುತ್ತಿದ್ದವಳು ಸಾವಿತ್ರಿ. ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ, ಕಾಡಿಗೆ ತಾಗಿದ ಕೇರಿ ಅವಳದು. ಊರಿನ ಹೆಸರು ಬೇಡ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಶಾಲೆಯಲ್ಲಿದ್ದೆ. ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೆ ಅವಳು ನನ್ನ ವಿದ್ಯಾರ್ಥಿನಿ. ಚುರುಕು ಎಂದು ಹೇಳುವ ಹಾಗಿರಲಿಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಪುಟದ ಎಡಕ್ಕೆ ಎರಡು ಬೆರಳು ಜಾಗ ಬಿಡು ಎಂದರೆ ಪ್ರತಿ ಸಾಲಿಗೂ ಎರಡು ಬೆರಳಿಟ್ಟು ಅಳೆದು ಬರೆಯುತ್ತಿದ್ದಳು. ಈಗ ಅವಳ ಮಗಳು ಹೈಸ್ಕೂಲಿನಲ್ಲಿದ್ದಳು. ಗಂಡ ನಾರಾಯಣ, ಎರಡು ಎಕರೆ ಗದ್ದೆಯ ರೈತ. ಅವಳು ಮಂಗಳವಾರ ಮತ್ತು ಶನಿವಾರ ಪೇಟೆಗೆ ಬಂದು ತಾರಸಿಯ ಕೆಲಸಕ್ಕೆ ಕೈಜೋಡಿಸುತ್ತಿದ್ದಳು. ನಲವತ್ತು ದಾಟಿದರೂ ನನ್ನನ್ನು ಕರೆಯುವುದು ಶಾಲೆಯಲ್ಲಿ ಕರೆಯುತ್ತಿದ್ದಂತೆಯೇ, ಅಕ್ಕೋರೆ ಎಂದು.

ಪೆಟ್ಟಿಗೆ ತುಂಬುವ ಕ್ರಮ ಹೀಗಿತ್ತು. ತಳಕ್ಕೆ ತೆಂಗಿನ ಸಿಪ್ಪೆ. ಅದರ ಮೇಲೆ ಒಂದು ಗೇಣು ದರಕು. ಸಗಣಿ ಗೊಬ್ಬರ, ಬೂದಿ, ಸ್ವಲ್ಪ ಬೇವಿನ ಹಿಂಡಿ. ಮತ್ತೆ ದರಕು. ಕೊನೆಗೆ ನಾಲ್ಕು ಬೆರಳು ಮಣ್ಣು. ದರಕು ಉಬ್ಬಿಕೊಂಡಿರುವುದರಿಂದ ಅದನ್ನು ಪೆಟ್ಟಿಗೆಯೊಳಗೆ ನಿಂತು ತುಳಿಯಬೇಕು. ತುಳಿಯುತ್ತಿದ್ದವಳು ಸಾವಿತ್ರಿ, ಬರಿಗಾಲಿನಲ್ಲಿ. ನಾನು ಚಪ್ಪಲಿ ಹಾಕಿಕೊಂಡು ಪಕ್ಕದಲ್ಲಿ ನಿಂತು ನೀರು ಚಿಮುಕಿಸುತ್ತಿದ್ದೆ.

ಎರಡು ತಿಂಗಳಲ್ಲಿ ತಾರಸಿ ಹಸಿರಾಯಿತು. ಹರಿವೆ, ಬಸಳೆ, ಬೆಂಡೆ, ಮೆಣಸು, ಹಗ್ಗದ ಮೇಲೆ ಹಬ್ಬಿದ ಹಾಗಲ. ನಾಲ್ಕು ಪೆಟ್ಟಿಗೆ ತುಂಬ ಒಂದೆಲಗ, ಎರಡು ಬಕೆಟ್ಟು ಸಾಂಬಾರ ಸೊಪ್ಪು, ಅಂದರೆ ದೊಡ್ಡಪತ್ರೆ. ಬೀದಿಯ ನಾಲ್ಕು ಮನೆಯವರು ವಾರವಾರ ತಂಬುಳಿಗೆಂದು ಒಂದೆಲಗ ಕೇಳತೊಡಗಿದರು. ನಾನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ರಾಸಾಯನಿಕ ಸೋಕದ ಸೊಪ್ಪು' ಎಂದು ಬರೆದು ಮೆಟ್ಟಿಲಿನ ಬುಡದಲ್ಲಿ ಕಟ್ಟಿದೆ. ನಾದಿನಿಗೆ ಅದರ ಫೋಟೋ ಕಳಿಸಿದೆ.

ಡಿಸೆಂಬರಿನಲ್ಲಿ ಒಂದು ಶನಿವಾರ ಸಾವಿತ್ರಿ ಕೈಕಾಲು ಮಿರಮಿರ ಹೊಳೆಯುತ್ತಾ ಬಂದಳು. ಶಾರದಾ ಬಂದು ಎಣ್ಣೆ ಕೊಟ್ಟು ಹೋದಳೆಂದು ಹೇಳಿದಳು. ಶಾರದಾ ಅವರ ಕೇರಿಯ ಆಶಾ ಕಾರ್ಯಕರ್ತೆ. ಸಾವಿತ್ರಿ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ದರಕು ಗುಡಿಸಿ, ಚೀಲ ತುಂಬಿ, ಅಲ್ಲಿಂದಲೇ ಬಸ್ಸು ಹಿಡಿದಿದ್ದಳು. ಆ ದಿನ ಅವಳೇ ಒಂದೆಲಗ ಕೊಯ್ದು ಕಟ್ಟು ಮಾಡಿದಳು. ಸಂಜೆ ಎದುರು ಮನೆಯ ಹಿರಿಯರು ಸೊಪ್ಪನ್ನು ವಾಪಸು ಕಳಿಸಿದರು. ಯಾವುದೋ ಔಷಧಿಯ ವಾಸನೆ ಬರುತ್ತಿದೆ, ಬೋರ್ಡು ಮಾತ್ರ ಚೆನ್ನಾಗಿದೆ ಎಂದು ಹೇಳಿ ಕಳಿಸಿದ್ದರು.

ಮುಂದಿನ ಮಂಗಳವಾರ ನಾನು ಮುಖ ಬಿಗಿದುಕೊಂಡೇ ಇದ್ದೆ. ಸಾವಿತ್ರಿ ಕೇಳಿದಳು, "ವಾಸ್ನೆ ಬತ್ತದೆ ಅಲ್ರಾ ಅಕ್ಕೋರೆ?"

ನಾನು ಹೇಳಿದ್ದು ಇಷ್ಟು. ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ, ಒಂದು ಪದವೂ ಹೆಚ್ಚುಕಡಿಮೆ ಇಲ್ಲ. "ಬರ್ತದೆ. ಆ ಎಣ್ಣೆ ಹಚ್ಚಿಕೊಂಡು ನನ್ನ ಗಿಡ ಮುಟ್ಟಬೇಡ ಸಾವಿತ್ರಿ."

"ಆತು" ಎಂದಳು.

ಕಾಡಿನಲ್ಲಿ ಹಚ್ಚಿಕೋ, ಇಲ್ಲಿಗೆ ಬಂದು ತೊಳೆದುಕೋ ಎಂದು ಹೇಳಬಹುದಿತ್ತು. ತಾರಸಿಯಲ್ಲಿ ನಲ್ಲಿ ಇತ್ತು, ಸೋಪೂ ಇತ್ತು. ಅದು ಹೊಳೆಯಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವಳು ಕಾಡಿನಿಂದ ನೇರ ಬಸ್ಸಿಗೆ ಬರುತ್ತಾಳೆಂದು ನನಗೆ ಗೊತ್ತಿತ್ತು. ನಡುವೆ ಮನೆಗೆ ಹೋಗುವುದಿಲ್ಲ. ನನ್ನ ಮಾತಿನ ಅರ್ಥ ಕಾಡಿನಲ್ಲೂ ಹಚ್ಚಬೇಡ ಎಂದೇ ಆಗುತ್ತದೆ, ಒಂದು ನಿಮಿಷ ಯೋಚಿಸಿದ್ದರೂ ತಿಳಿಯುತ್ತಿತ್ತು. ಯೋಚಿಸುವಷ್ಟು ನಾನು ನಿಲ್ಲಲಿಲ್ಲ. ಆಮೇಲೆ ಅವಳ ಕೈಯಲ್ಲಿ ಹೊಳಪು ಕಾಣಲಿಲ್ಲ. ಸೊಪ್ಪು ವಾಪಸು ಬರಲಿಲ್ಲ.

ಜನವರಿಯ ಒಂದು ಶನಿವಾರ ಸಾವಿತ್ರಿ ಬಸಳೆಗೆ ಕೋಲು ಕಟ್ಟುತ್ತಾ ಹೇಳಿದಳು.

"ನಿನ್ನೆ ಹೊಳೆಯಾಚೆ ಒಂದ್ ಮಂಗ ಸತ್ತು ಬಿದ್ದಿತ್ತಂತೆ ಅಕ್ಕೋರೆ. ಆಸ್ಪತ್ರೆಯೋರು ಬಂದು ಸುಟ್ರು. ಸುತ್ತ ಉಣುಗು ಸಾಯೂಕೆ ಬಿಳಿ ಪುಡಿ ಹೊಡ್ದು ಹೋಗ್ಯಾರೆ."

ಮಂಗ ಸತ್ತರೆ ಅದರ ಮೈಮೇಲಿನ ಉಣುಗು ನೆಲಕ್ಕಿಳಿದು ಎಲೆಯೊಳಗೆ ಹರಡುತ್ತದೆ. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ಮಕ್ಕಳಿಗೆ ಹೇಳಿಕೊಟ್ಟವಳು ನಾನು.

"ನೀನು ದರಕು ಗುಡಿಸೋದು ಆ ಕಡೆಯಾ?"

"ಅಲ್ಲ, ಹೊಳೆ ಈಚೆ."

"ಸರಿ ಹಾಗಾದ್ರೆ."

ಅವಳು ನಕ್ಕಳು. "ಮಂಗಂಗೆ ಹೊಳೆ ದಾಟೂಕೆ ದೋಣಿ ಬೇಕಾ ಅಕ್ಕೋರೆ? ಮರದಿಂದ ಮರಕ್ಕೆ ಹಾರ್ತದೆ."

ನಾನೂ ನಕ್ಕೆ. ಆ ಹೊತ್ತಿಗೆ ಟೊಮೆಟೊ ಸಸಿಗಳು ತಟ್ಟೆಯಲ್ಲಿ ಉದ್ದಕ್ಕೆ ಬೆಳೆದು ಬಾಗುತ್ತಿದ್ದವು. ಇನ್ನೊಂದು ವಾರ ಬಿಟ್ಟರೆ ನೆಡಲು ಬರುವುದಿಲ್ಲ. ಹರಿವೆ ಕಿತ್ತು ಖಾಲಿಯಾದ ಆರು ಪೆಟ್ಟಿಗೆ ತುಂಬುವುದು ಬಾಕಿ ಇತ್ತು. ನಾನು ಪೆಟ್ಟಿಗೆ ನೋಡಿದೆ, ಸಸಿ ನೋಡಿದೆ, ಹೇಳಿದೆ: "ಮಂಗಳವಾರ ಎರಡು ಚೀಲ ತಾ. ಟೊಮೆಟೊಕ್ಕೆ ಅಷ್ಟು ಸಾಕು. ಆಮೇಲೆ ಈ ವರ್ಷ ದರಕು ಬೇಡ."

ಅವಳು ಮಂಗಳವಾರ ಎರಡು ಚೀಲ ತಂದಳು. ತುಳಿದಳು. ಆರು ಪೆಟ್ಟಿಗೆಯೂ ತುಂಬಿದವು.

ಮರುದಿನ ಬೆಳಿಗ್ಗೆ ನಾನು ನೀರು ಹಾಕುವಾಗ ಮಣಿಕಟ್ಟಿನ ಹತ್ತಿರ ಸ್ವಲ್ಪ ಕಡಿತ. ಕನ್ನಡಕ ಹಾಕಿಕೊಂಡು ನೋಡಿದರೆ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ. ಉಗುರಿನಿಂದ ಎತ್ತಿದರೆ ಅದಕ್ಕೆ ಕಾಲುಗಳಿದ್ದವು. ಮೈಮೇಲೆ ನಡೆಯುತ್ತಿತ್ತೋ, ಕಚ್ಚಿಯೇ ಬಿಟ್ಟಿತ್ತೋ ಗೊತ್ತಾಗಲಿಲ್ಲ. ನಾನು ನಮ್ಮನೆಯವರ ಬಿಳಿ ಪಂಚೆಯೊಂದನ್ನು ತಾರಸಿಯಲ್ಲಿ ಹಾಸಿ, ಚೀಲದ ತಳದಲ್ಲಿ ಉಳಿದಿದ್ದ ದರಕನ್ನು ಅದರ ಮೇಲೆ ಕೊಡವಿದೆ. ಎಲೆಯೆಲ್ಲ ಆರಿಸಿ ತೆಗೆದ ಮೇಲೆ ಬಟ್ಟೆಯ ಮೇಲೆ ಧೂಳು ಉಳಿಯಿತು. ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಾ ಇದ್ದೆ. ಸ್ವಲ್ಪ ಹೊತ್ತಿಗೆ ಧೂಳಿನಲ್ಲಿ ಕೆಲವು ಚುಕ್ಕೆಗಳು ನಡೆಯಲು ಶುರು ಮಾಡಿದವು. ಏಳು ಎಣಿಸಿದೆ. ಎಂಟನೆಯದು ಅಂಚಿನಿಂದ ಇಳಿದು ಮೀನಿನ ಪೆಟ್ಟಿಗೆಯ ಅಡಿಗೆ ಹೋಯಿತು.

"ಎಂತ ನೋಡ್ತಾ ಇದ್ದೆ ಅಲ್ಲಿ?" ಎಂದು ನಮ್ಮನೆಯವರು ಮೆಟ್ಟಿಲಿನಿಂದ ಕೇಳಿದರು. ನಾನು ಹೇಳಿದೆ. ಅವರು ತಮಾಷೆ ಮಾಡಲಿಲ್ಲ. ಪಂಚೆಯನ್ನು ಮಡಿಚಿ ಕೆಳಗೆ ಒಯ್ದು ಕುದಿಯುವ ನೀರಿಗೆ ಹಾಕಿದರು.

ಸಾವಿತ್ರಿಗೆ ಫೋನು ಮಾಡಿ ಮೈಯೆಲ್ಲ ನೋಡಿಕೋ ಎಂದೆ. ಶನಿವಾರ ಅವಳು ಬರಿಗೈಯಲ್ಲಿ ಬಂದಳು.

"ಮೊಣಕಾಲ ಹಿಂದೆ ಎರಡು ಕಚ್ಕಂಡಿತ್ತು. ಕಿತ್ತು ಒಗ್ದೆ" ಎಂದಳು.

"ಯಾವಾಗ?"

"ಮಂಗಳವಾರನೇ. ಎಂತದೂ ಆಗೂದಿಲ್ಲ ಬಿಡಿ ಅಕ್ಕೋರೆ. ಕಚ್ಚಿದ್ದಕ್ಕೆಲ್ಲ ಜ್ವರ ಬಂದ್ರೆ ನಮ್ಮ ಕೇರಿ ಪೂರಾ ಮಲಗ್ಬೇಕಿತ್ತು."

ಮುಂದಿನ ಮಂಗಳವಾರ ಹತ್ತು ಗಂಟೆಯ ಬಸ್ಸು ಬಂದು ಹೋಯಿತು, ಸಾವಿತ್ರಿ ಬರಲಿಲ್ಲ. ಹನ್ನೊಂದಕ್ಕೆ ಫೋನು ಮಾಡಿದೆ. ನಾರಾಯಣ ಎತ್ತಿದ. ನಿನ್ನೆ ಸಂಜೆಯಿಂದ ಜ್ವರ, ತಲೆ ಎತ್ತಲು ಆಗುತ್ತಿಲ್ಲ, ಸೊಂಟ ಮುರಿದಂತೆ ನೋವು ಎನ್ನುತ್ತಾಳೆ ಎಂದ. ನಾನು ಆಟೋ ಮಾಡಿಕೊಂಡು ಹೋದೆ. ಅವಳು ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಜಗಲಿಯಲ್ಲಿ ಮಲಗಿದ್ದಳು. ಬೆಳಕು ತಡೆಯಲು ಆಗುತ್ತಿರಲಿಲ್ಲ. ಅದೇ ಆಟೋದಲ್ಲಿ ನಾರಾಯಣನೂ ನಾನೂ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಬಂದೆವು. ತಿರುವುಗಳಲ್ಲಿ ಅವಳ ತಲೆ ನನ್ನ ಹೆಗಲಿಗೆ ಬಡಿಯುತ್ತಿತ್ತು. ಸೀರೆಯ ಮೇಲಿಂದಲೂ ಕಾವು ತಿಳಿಯುತ್ತಿತ್ತು.

ಅಲ್ಲಿ ನಡೆದದ್ದನ್ನು ಕಂಡ ಹಾಗೆ ಬರೆಯುತ್ತೇನೆ. ರಕ್ತ ತೆಗೆದರು. ಒಬ್ಬ ಎಳೆಯ ಆರೋಗ್ಯ ಸಿಬ್ಬಂದಿ ಫಾರಂ ಹಿಡಿದುಕೊಂಡು ಮಂಚದ ಪಕ್ಕ ನಿಂತ. ಶಾರದಾ ಕೂಡ ಬಂದಿದ್ದಳು, ಅವನ ಹಿಂದೆ ನಿಂತಿದ್ದಳು. ನಾರಾಯಣ ಬಾಗಿಲ ಹತ್ತಿರ, ನಾನು ಕಾಲ ಬುಡದಲ್ಲಿ. ಕಾಡಿಗೆ ಹೋಗಿದ್ದರಾ ಎಂದು ಅವನು ಕೇಳಿದ. ಹೋಗಿದ್ದೆ ಎಂದಳು. ಯಾತಕ್ಕೆ? ದರಕಿಗೆ. ಕೊಟ್ಟಿಗೆಗಾ? ಸಾವಿತ್ರಿ ಹೌದು ಎಂದಳು. ಅವರ ಮನೆಯಲ್ಲಿ ದನ ಮಾರಿ ಎರಡು ವರ್ಷವಾಗಿತ್ತು.

"ಎಣ್ಣೆ ಕೊಟ್ಟಿದ್ರಲ್ಲ, ಹಚ್ಕೊಂಡಿದ್ರಾ?"

ಅವಳು ಬಟ್ಟೆ ಸರಿಸಿ ಒಂದು ಕಣ್ಣು ತೆರೆದಳು. ಆ ಕಣ್ಣು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿತು.

"ಇಲ್ಲ. ಮರ್ತೋಗಿತ್ತು" ಎಂದಳು.

ಶಾರದಾ ತಲೆ ಚಚ್ಚಿಕೊಂಡಳು. "ಎಷ್ಟ್ ಸಲ ಹೇಳೂದು ನಿಂಗೆ, ಸಾವಿತ್ರಿ. ಬಾಟ್ಲಿ ಕಪಾಟಿನಲ್ಲಿ ಇಡೂಕೆ ಕೊಡೂದಾ ನಾವು?"

ನಾನು ಅಲ್ಲೇ ಇದ್ದೆ. ಮೂರು ಹೆಜ್ಜೆ ದೂರ. ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಫಾರಂ ಮಡಿಚಿಕೊಂಡು ಅವರು ಹೋದರು.

ಮನೆಗೆ ಬಂದ ಮೇಲೆ ನಮ್ಮನೆಯವರಿಗೆ ಹೇಳಿದೆ. ಅವರು, "ನೀ ಎಂತಕ್ಕೆ ಬಾಯಿ ಬಿಟ್ಟಿದ್ದಿಲ್ಲೆ?" ಎಂದರು.

"ಕೇಳಿದ್ದು ಸಾವಿತ್ರಿ ಹತ್ರ. ನನ್ನ ಹತ್ರ ಅಲ್ಲ."

"ಶಾಲೆ ಮಕ್ಕ ಹಿಂಗೆ ಹೇಳಿದ್ರೆ ನೀ ಬಿಡ್ತಿದ್ಯ?" ಎಂದು ಕೇಳಿ ಅವರು ಎದ್ದು ಹೋದರು.

ರಕ್ತದ ವರದಿ ಬೇರೆ ಊರಿನಿಂದ ಬರಬೇಕಿತ್ತು. ಆ ದಿನಗಳಲ್ಲಿ ನಾನು ಬೆಳಿಗ್ಗೆ ಸಂಜೆ ನಮ್ಮಿಬ್ಬರ ಜ್ವರ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ತಲೆ ಸ್ವಲ್ಪ ಭಾರವಾದರೆ ಕೈ ಥರ್ಮಾಮೀಟರಿಗೆ ಹೋಗುತ್ತಿತ್ತು. ಸ್ನಾನದ ಮನೆಯಲ್ಲಿ ಬಹಳ ಹೊತ್ತು ಮೈ ತಡಕಿಕೊಳ್ಳುತ್ತಿದ್ದೆ. ಮಚ್ಚೆಗಳನ್ನೂ ಕೆರೆದು ನೋಡಿದೆ. ನನಗೆ ಏನೂ ಆಗಲಿಲ್ಲ. ಆಗದೇ ಇದ್ದದ್ದು ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ.

ವರದಿಯಲ್ಲಿ ಮಂಗನ ಕಾಯಿಲೆ ಎಂದೇ ಬಂತು. ಅಷ್ಟರಲ್ಲಿ ಅವಳ ಒಸಡಿನಿಂದ ರಕ್ತ ಬರಲು ಶುರುವಾಗಿತ್ತು. ಆಂಬುಲೆನ್ಸಿನಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ನಾರಾಯಣ ಜೊತೆಗೆ ಹೋದ. ಹತ್ತುವ ಮೊದಲು ಅವನು ನನ್ನ ಹತ್ತಿರ ಬಂದು, "ಮಗಳಿಗೆ ಶಾಲೆ ತಪ್ಪದ ಹಾಗೆ ಒಂದ್ಸಲ ಫೋನು ಮಾಡ್ತಾ ಇರಿ ಅಕ್ಕೋರೆ" ಎಂದ. ನಾನು ತಲೆ ಆಡಿಸಿದೆ. ಅವನ ಮುಖ ನೋಡಲು ಆಗಲಿಲ್ಲ.

ಆ ಮಧ್ಯಾಹ್ನವೇ ನಾನು ಆಸ್ಪತ್ರೆಗೆ ವಾಪಸು ಹೋಗಿ, ನಮ್ಮ ತಾರಸಿಗೆ ಪುಡಿ ಹೊಡೆಯಬೇಕು ಎಂದು ಕೇಳಿದೆ. ಪೇಟೆಯ ಮನೆಯ ತಾರಸಿಗೆ ಯಾಕೆ ಎಂದು ಕೇಳಿದರು. ಕಾಡಿನ ದರಕು ಇದೆ ಎಂದೆ. ಇಬ್ಬರು ಬಂದರು. ಒಬ್ಬ ಮೆಟ್ಟಿಲಿನ ಬುಡದ ನನ್ನ ಬೋರ್ಡು ಓದಿ ಮೇಲೆ ನೋಡಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆ, ಬಕೆಟ್ಟು, ಡ್ರಮ್ಮು, ಮೂಲೆಯ ಚೀಲ, ಎಲ್ಲಕ್ಕೂ ಪುಡಿ ಹೊಡೆದರು. ಒಂದೆಲಗದ ಎಲೆಯ ಮೇಲೆ ಅದು ಬಿಳಿಯಾಗಿ ಕುಳಿತಿತು. ಅಂಜೂರದ ಮೊದಲ ಮೂರು ಕಾಯಿ ಬಣ್ಣ ತಿರುಗಿದ್ದವು, ಅವುಗಳ ಮೇಲೂ ಕುಳಿತಿತು. ನಾನು ನೋಡುತ್ತಾ ನಿಂತಿದ್ದೆ. ಗಿಡಕ್ಕಾಗಿ ಒಂದಿಷ್ಟೂ ಸಂಕಟವಾಗಲಿಲ್ಲ. ಈ ಪುಡಿ ನೋಡಿದರೆ ಆ ಎಣ್ಣೆ ಏನು ಮಹಾ ಆಗಿತ್ತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅವರು ಹೋದ ಮೇಲೆ ಬೋರ್ಡು ಬಿಚ್ಚಿ ಒಲೆಗೆ ಹಾಕಿದೆ. ನಾಲ್ಕೂ ಮನೆಗೆ ಹೋಗಿ ಇನ್ನು ಸೊಪ್ಪು ಇಲ್ಲ ಎಂದು ಹೇಳಿ ಬಂದೆ. ಯಾಕೆಂದು ಹೇಳಲಿಲ್ಲ.

ಜ್ವರ ಇಳಿಯಿತು. ವಾರವಾದ ಮೇಲೆ ಸಾವಿತ್ರಿ ಮನೆಗೆ ಬಂದಳು. ನಾನು ಮನಸ್ಸಿನಲ್ಲಿ, ಮುಗಿಯಿತು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ. ಹೀಗೆ ಅಂದುಕೊಂಡದ್ದನ್ನೂ ಬರೆಯಬೇಕು. ಆಮೇಲೆ ಹತ್ತು ದಿನಕ್ಕೆ ಜ್ವರ ತಿರುಗಿ ಬಂತು. ಈ ಕಾಯಿಲೆಯಲ್ಲಿ ಕೆಲವರಿಗೆ ಹಾಗಾಗುತ್ತದಂತೆ. ಈ ಸಲ ಅವಳಿಗೆ ಮಾತು ತೊದಲಿತು. ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಮತ್ತೆ ಘಟ್ಟದ ಕೆಳಗೆ ಒಯ್ದರು.

ಆ ದಿನ ನಾನು ಶಾರದಾಳನ್ನು ಹುಡುಕಿಕೊಂಡು ಅವಳ ಮನೆಗೆ ಹೋದೆ. ಅವಳು ಬಾಟಲಿಗಳ ಪೆಟ್ಟಿಗೆ ಬಿಚ್ಚುತ್ತಿದ್ದಳು.

"ಸಾವಿತ್ರಿ ಎಣ್ಣೆ ಮರೆತದ್ದಲ್ಲ. ಹಚ್ಚಬೇಡ ಅಂತ ನಾನು ಹೇಳಿದ್ದೆ. ದರಕೂ ಕೊಟ್ಟಿಗೆಗೆ ಅಲ್ಲ, ನನ್ನ ಗಿಡಕ್ಕೆ. ಆ ಫಾರಮಿನಲ್ಲಿ ಸರಿ ಮಾಡಿ ಬರೆ."

ಶಾರದಾ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಮೆಲ್ಲನೆ ಹೇಳಿದಳು, "ಹಚ್ಚಿದ್ದಾರೆ, ಹಚ್ಚಿಲ್ಲ. ಎರಡೇ ಕಾಲಂ ಇರೂದು ಅಕ್ಕೋರೆ. ನಿಮ್ಮನ್ನ ಎಲ್ಲಿ ಬರೀಲಿ?"

ನಾನು ಎದ್ದು ಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಎರಡೂ ಬದಿ ದರಕು ಬಿದ್ದಿತ್ತು. ನಾನು ಡಾಂಬರಿನ ನಡುವೆಯೇ ನಿಂತೆ.

ಸಾವಿತ್ರಿ ಬದುಕಿದಳು. ಇದನ್ನು ಮೊದಲೇ ಬರೆಯಬಹುದಿತ್ತು, ಆದರೆ ನಮಗೆ ಅದು ಗೊತ್ತಾದದ್ದು ಇಷ್ಟೆಲ್ಲ ಆದ ಮೇಲೆಯೇ. ಶಿವರಾತ್ರಿಯ ಮರುದಿನ ಅವಳು ಮನೆಗೆ ಬಂದಳು. ನಾನು ನಾಲ್ಕು ದಿನ ಬಿಟ್ಟು ಹೋದೆ. ತೆಳ್ಳಗಾಗಿದ್ದಳು, ಗೋಡೆ ಹಿಡಿದು ನಡೆಯುತ್ತಿದ್ದಳು. ನಾರಾಯಣ ಚಾ ಮಾಡಿ ತಂದ. ನಾನು ಲೋಟ ಕೆಳಗಿಟ್ಟು, ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತನ್ನು ಹೇಳಿದೆ. ನಾರಾಯಣ, ಎಣ್ಣೆ ಹಚ್ಚಬೇಡ ಎಂದವಳು ನಾನು, ಆಸ್ಪತ್ರೆಯಲ್ಲಿ ಸುಮ್ಮನೆ ನಿಂತವಳೂ ನಾನು.

ನಾರಾಯಣ ಹೊಸ್ತಿಲಿನ ಮೇಲೆ ಕುಳಿತಿದ್ದ. "ಗೊತ್ತು" ಎಂದ.

"ಜ್ವರ ಬಂದ ದಿನವೇ ನಾ ಇವ್ರಿಗೆ ಹೇಳಿದ್ದೆ ಅಕ್ಕೋರೆ" ಎಂದಳು ಸಾವಿತ್ರಿ.

ಹಾಗಾದರೆ ಆಟೋದಲ್ಲಿ ಮುಂದೆ ಕುಳಿತಾಗ ಅವನಿಗೆ ಗೊತ್ತಿತ್ತು. ಅವಳು ಮರೆತೆ ಎಂದಾಗ ಬಾಗಿಲ ಹತ್ತಿರ ನಿಂತವನಿಗೆ ಗೊತ್ತಿತ್ತು. ಮಗಳಿಗೆ ಫೋನು ಮಾಡುತ್ತಿರಿ ಎಂದಾಗಲೂ ಗೊತ್ತಿತ್ತು. ನಾನು ಹೊತ್ತುಕೊಂಡು ತಿರುಗಿದ ಗುಟ್ಟು ಗುಟ್ಟೇ ಆಗಿರಲಿಲ್ಲ. ಇಬ್ಬರೂ ನಾನು ಬಾಯಿ ಬಿಡುವುದನ್ನು ಕಾಯುತ್ತಿದ್ದರು, ಅಥವಾ ಕಾಯುತ್ತಲೂ ಇರಲಿಲ್ಲ.

"ಸಿಟ್ಟು ಬಂದಿತ್ತು" ಎಂದ ನಾರಾಯಣ, ಅಂಗಳದ ಕಡೆ ನೋಡುತ್ತಾ. "ಸುಳ್ಳು ಹೇಳೂದಿಲ್ಲ. ಈಗೂ ಪೂರಾ ಹೋಗ್ಲಿಲ್ಲ. ಚಾ ತಣ್ಣಗಾಗ್ತದೆ, ಕುಡೀರಿ."

ನಾನು ಕುಡಿದೆ.

ಸಾವಿತ್ರಿ ತನ್ನ ಲೋಟ ಎತ್ತಿದಳು. ಕೈ ನಡುಗಿ ಅರ್ಧ ಚಾ ಸೀರೆಯ ಮೇಲೆ ಚೆಲ್ಲಿತು. ಅವಳು ಅದನ್ನು ಒರೆಸಿಕೊಳ್ಳದೆ ಬಲಗೈ ಮುಂದೆ ಚಾಚಿ ನನಗೆ ತೋರಿಸಿದಳು. ಬೆರಳುಗಳು ತಾವಾಗಿಯೇ ಅಲುಗುತ್ತಿದ್ದವು. "ನೋಡಿ ಅಕ್ಕೋರೆ. ಅಕ್ಷರ ಗುಂಡಗೆ ಬರ್ಸೂಕೆ ಎಷ್ಟು ಕಷ್ಟಪಟ್ರಿ ನೀವು. ಈಗ ನಂಗೆ ಮತ್ತೆ ಒಂದನೇ ಕ್ಲಾಸು." ಹೇಳಿ ನಕ್ಕಳು. ನಾರಾಯಣ ನಗಲಿಲ್ಲ. ನಾನೂ ನಗಲಿಲ್ಲ.

ನಡುಕ ಮಳೆಗಾಲದ ಕೊನೆಯವರೆಗೂ ಇತ್ತು. ನಾನು ಪ್ರತಿ ಮಂಗಳವಾರ ಹತ್ತು ಗಂಟೆಯ ಬಸ್ಸಿಗೆ ಹೋಗುತ್ತಿದ್ದೆ. ಅವಳು ಬರುತ್ತಿದ್ದ ಬಸ್ಸಿಗೆ, ಎದುರು ದಿಕ್ಕಿನಲ್ಲಿ. ಎರಡು ಗೆರೆಯ ಕಾಪಿ ಪುಸ್ತಕ ಒಯ್ಯುತ್ತಿದ್ದೆ. ಕೈಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಬರೆಯುತ್ತಿದ್ದಳು, ಈಗಲೂ ಎಡಕ್ಕೆ ಎರಡು ಬೆರಳು ಜಾಗ ಅಳೆದು ಬಿಟ್ಟು. ನಾನು ನೋಡುತ್ತಾ ಕುಳಿತಿರುತ್ತಿದ್ದೆ. ಅವಳ ಅಕ್ಷರ ಮೊದಲಿನ ಹಾಗೆ ಆಗಲಿಲ್ಲ, ಆದರೆ ಲೋಟದ ಚಾ ಚೆಲ್ಲುವುದು ನಿಂತಿತು. ಅವಳು ಮತ್ತೆ ನಮ್ಮ ತಾರಸಿಗೆ ಬರಲಿಲ್ಲ. ನಾನು ಕರೆಯಲೂ ಇಲ್ಲ.

ಈಗಲೂ ಪೆಟ್ಟಿಗೆಗಳಲ್ಲಿ ಒಂದಿಷ್ಟು ಬೆಳೆಯುತ್ತೇನೆ, ನಮ್ಮಿಬ್ಬರಿಗೆ ಸಾಕಾಗುವಷ್ಟು. ದರಕಿನ ಬದಲು ತೆಂಗಿನ ನಾರಿನ ಪುಡಿ, ಭತ್ತದ ಹೊಟ್ಟು. ಗಿಡ ಮೊದಲಿನಷ್ಟು ಸೊಂಪಾಗಿ ಬರುವುದಿಲ್ಲ. ಯಾರಾದರೂ ರಾಸಾಯನಿಕ ಹಾಕುವುದಿಲ್ಲವಾ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಅಷ್ಟಕ್ಕೆ ಮಾತು ನಿಲ್ಲಿಸುತ್ತೇನೆ.

ಬಸ್ಸಿನ ಹೆಂಗಸು ಇನ್ನೂ ಕಿಟಕಿಗೆ ಅಂಟಿಕೊಂಡೇ ಕುಳಿತಿದ್ದಳು. ನನ್ನಿಂದ ಉತ್ತರ ಬಾರದ್ದನ್ನು ನೋಡಿ, "ಬೇರೆ ಸೀಟು ಖಾಲಿಯಾದ್ರೆ ಹೋಗ್ತೆ" ಎಂದಳು.

"ಬೇಡ, ಇಲ್ಲೇ ಕೂತ್ಕೊ" ಎಂದೆ. "ಕಾಲಿಗೂ ಹಚ್ಚಿದ್ಯಾ?"

"ಹಚ್ಚಿದ್ದೆ."

"ಮೊಣಕಾಲ ಹಿಂದೆ?"

ಅವಳು ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀವು ಆಸ್ಪತ್ರೆಯೋರಾ?"

"ಅಲ್ಲ."

ಅವಳು ಬ್ಲೌಸಿನೊಳಗಿಂದ ಚಿಕ್ಕ ಬಾಟಲಿ ತೆಗೆದು, ಅಂಗೈಗೆ ಎರಡು ಹನಿ ಹಾಕಿಕೊಂಡು, ಬಗ್ಗಿ ಮೊಣಕಾಲ ಹಿಂದೆ ಹಚ್ಚಿಕೊಂಡಳು. ಮೊದಲು ಒಂದು ಕಾಲು. ಆಮೇಲೆ ಇನ್ನೊಂದು. ವಾಸನೆ ಸೀಟಿನ ತುಂಬ ಹರಡಿತು. ಮುಂದಿನ ಸೀಟಿನವರು ಮೂಗು ಹಿಡಿದುಕೊಂಡು ಹಿಂದೆ ತಿರುಗಿದರು. ನಾನು ಅವರನ್ನು ನೋಡಿಕೊಂಡೇ ಕುಳಿತೆ. ಅವರು ಮುಂದೆ ತಿರುಗುವವರೆಗೂ ಕಣ್ಣು ತೆಗೆಯಲಿಲ್ಲ.